‘ಮೊದಲು ನಿನ್ನನ್ನು ತಿದ್ದಿಕೋ’

ಕಡಗಂಚಿಯಲ್ಲಿ ಹುಟ್ಟಿ ಬೆಳೆದವನಿಗೆ ಮಳೆಯ ಬರ ಗೊತ್ತು, ಉಪದೇಶದ ಬರ ಗೊತ್ತಿಲ್ಲ. ಒಂದು ಕಡೆ ಆಳಂದದಲ್ಲಿ ಲಾಡ್ಲೆ ಮಶಾಯಖರ ದರ್ಗಾ, ಇನ್ನೊಂದು ಕಡೆ ಭೀಮಾ-ಅಮರ್ಜಾ ಸಂಗಮದ ಗಾಣಗಾಪುರ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹಕ್ಕೆ ನಿಂತ ಶರಣಬಸವೇಶ್ವರರ ಹೆಸರು ಬಾರದೆ ನಮ್ಮ ಹಿರಿಯರ ಮಾತು ಮುಗಿಯುವುದಿಲ್ಲ. ಬಸವಣ್ಣನ ಕಲ್ಯಾಣವೂ ನಮಗೆ ದೂರದ ಊರಲ್ಲ. ಮನಸ್ಸನ್ನು ಶುದ್ಧಮಾಡಿಕೊಳ್ಳುವ ಬಗೆಯನ್ನು ಕುರಿತು ಇಷ್ಟು ಜನ, ಇಷ್ಟು ಶತಮಾನ ಮಾತನಾಡಿದ ನೆಲದಲ್ಲಿ ಅದನ್ನೇ ಕುರಿತು ಮತ್ತೆ ಬಾಯಿ ತೆರೆಯುವುದು ಸಂಕೋಚದ ಕೆಲಸವೇ ಸರಿ. ಆದರೂ ಒಪ್ಪಿಕೊಂಡೆ. ಕಾರಣ, ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆ.

2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಈಗ ನಮ್ಮೂರ ಬಳಿಯೇ ಇದೆ. ಬೇರೆ ಜಿಲ್ಲೆಗಳಿಂದ ಬಂದ ಹುಡುಗರು ಸಂಜೆಯ ಹೊತ್ತು ಚಹಾ ಅಂಗಡಿಯ ಬೆಂಚಿನ ಮೇಲೆ ಸಿಕ್ಕುತ್ತಾರೆ. ನಿವೃತ್ತ ಮೇಷ್ಟರೆಂದು ನನ್ನನ್ನು ಮಾತಿಗೆ ಎಳೆಯುತ್ತಾರೆ. ಅವರಲ್ಲೊಬ್ಬ ರಜೆಗೆ ಊರಿಗೆ ಹೋಗಿದ್ದನಂತೆ. ತಮ್ಮ ಹೊಲದಲ್ಲಿ ಒಂದೇ ಕೆಲಸ ಮಾಡುವ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಕೂಲಿ ಕೊಡುವುದನ್ನು ಕಂಡು ತಂದೆಯನ್ನು ಪ್ರಶ್ನಿಸಿದ. ತಂದೆ ಕೋಪಿಸಿಕೊಳ್ಳಲಿಲ್ಲ. ಬೆಳಿಗ್ಗೆ ಎಂಟಕ್ಕೆ ಏಳುವ ಮಗನನ್ನು ಒಮ್ಮೆ ಮೇಲೆ ಕೆಳಗೆ ನೋಡಿ, ಊರನ್ನು ತಿದ್ದುವ ಮೊದಲು ನಿನ್ನನ್ನು ನೀನು ತಿದ್ದಿಕೋ ಎಂದರು. ಬಸವಣ್ಣನ ಹೆಸರನ್ನೂ ಹೇಳಿದರು. ಹುಡುಗನಿಗೆ ಉತ್ತರ ಹೊಳೆಯಲಿಲ್ಲ. “ಸರ್, ಅಪ್ಪ ಹೇಳಿದ್ದು ಸುಳ್ಳೇ?” ಎಂದು ನನ್ನನ್ನು ಕೇಳಿದ.

ಸುಳ್ಳೆನ್ನಲು ನನಗೂ ನಾಲಗೆ ಏಳಲಿಲ್ಲ. ಆ ತಂದೆಯ ಮಾತಿನ ಹಿಂದೆ ನಿಂತಿರುವುದು ಒಂದು ಪ್ರಸಿದ್ಧ ವಚನ. ಜಗತ್ತಿನ ಓರೆಕೋರೆಗಳನ್ನು ಸರಿಪಡಿಸಲು ಹೊರಟವರನ್ನು ತಡೆದು, ಮೊದಲು ತಮ್ಮ ದೇಹವನ್ನೂ ಮನಸ್ಸನ್ನೂ ಹದಕ್ಕೆ ತಂದುಕೊಳ್ಳಿರೆಂದು ಅದು ಹೇಳುತ್ತದೆ. ಪಕ್ಕದ ಮನೆಯವರ ಸಂಕಟಕ್ಕೆ ಕಣ್ಣೀರು ಸುರಿಸುವವರನ್ನು ದೇವರು ಮೆಚ್ಚನೆಂದೂ ಹೇಳುತ್ತದೆ. ಇದನ್ನು ತರ್ಕದ ರೂಪಕ್ಕೆ ಇಳಿಸಿದರೆ ಹೀಗಾಗುತ್ತದೆ: ತಾನೇ ಓರೆಯಾಗಿರುವವನು ಇನ್ನೊಬ್ಬನನ್ನು ನೆಟ್ಟಗೆ ಮಾಡಲಾರ, ನಾನು ಓರೆಯಾಗಿದ್ದೇನೆ, ಆದುದರಿಂದ ಮೊದಲು ನಾನು, ಆಮೇಲೆ ಲೋಕ.

ಮೊದಲ ಎರಡು ಮಾತುಗಳಲ್ಲಿ ನನಗೆ ತಕರಾರಿಲ್ಲ. ಮೂರನೆಯದರಲ್ಲಿರುವ ‘ಮೊದಲು’ ಎಂಬ ಪದದ ಮೇಲೆ ನನ್ನ ಸಂದೇಹ. ಅದು ಕಾಲವನ್ನು ಹೇಳುತ್ತದೆಯೇ, ಯೋಗ್ಯತೆಯನ್ನು ಹೇಳುತ್ತದೆಯೇ? ಕಾಲವನ್ನು ಹೇಳುವುದಾದರೆ ಸರದಿ ಎಂದಿಗೂ ಮುಗಿಯದು. ತಾನೀಗ ನೆಟ್ಟಗಾದೆನೆಂದು ಯಾವನು ಯಾವ ದಿನ ಘೋಷಿಸಿಯಾನು? ಘೋಷಿಸಿದವನನ್ನು ನಾವು ನಂಬುತ್ತೇವೆಯೆ? ಅಂದಮೇಲೆ ಲೋಕದ ಸರದಿ ಬರುವುದೇ ಇಲ್ಲ. ಹೊಲದ ಹೆಂಗಸರ ಕೂಲಿ ಇದ್ದಲ್ಲೇ ಇರುತ್ತದೆ. ಬಸವಣ್ಣನೇ ಹಾಗೆ ಸರದಿ ಕಾದವನಲ್ಲ. ಬಿಜ್ಜಳನ ಭಂಡಾರದ ಹೊಣೆ ಹೊತ್ತುಕೊಂಡೇ ಹೊಸದೊಂದು ಸಮುದಾಯವನ್ನು ಕಟ್ಟಿದ. ಹರಳಯ್ಯ, ಮಧುವರಸರ ಮನೆಗಳ ನಡುವೆ ನಡೆದ ಮದುವೆಯಿಂದ ಕಲ್ಯಾಣವೇ ಹೊತ್ತಿ ಉರಿಯಿತೆಂದು ಪರಂಪರೆ ಹೇಳುತ್ತದೆ. ಆ ವಚನವನ್ನು ಆತನ ಬದುಕಿನಿಂದ ಕಿತ್ತು ಗೋಡೆಯ ಮೇಲೆ ಬರೆದಿಟ್ಟವರು ನಾವು. ಅದು ನೆರೆಮನೆಯ ದುಃಖವನ್ನು ಪ್ರದರ್ಶನಕ್ಕಿಟ್ಟು ಅಳುವ ಕಪಟಿಗೆ ಆಡಿದ ಮಾತೆಂದು ನಾನು ತಿಳಿಯುತ್ತೇನೆ. ನೆರೆಮನೆಯ ದುಃಖಕ್ಕೆ ಕಾರಣನಾದವನು ತನ್ನ ಬಾಗಿಲಿಗೆ ಹಾಕಿಕೊಳ್ಳುವ ಅಗುಳಿಯಲ್ಲ.

ಆದರೆ ಇದಕ್ಕಿಂತ ಆಳದ ತೊಡಕೊಂದಿದೆ. ತನ್ನನ್ನು ತಾನು ತಿದ್ದಿಕೊಳ್ಳುವುದು ಒಬ್ಬನೇ ಕುಳಿತು ಮಾಡಬಲ್ಲ ಕೆಲಸವೆಂದು ಈ ವಾದ ಸದ್ದಿಲ್ಲದೆ ಊಹಿಸಿಕೊಂಡಿದೆ. ಈ ಊಹೆಯನ್ನು ನಾನೂ ಬಹುಕಾಲ ನಂಬಿದ್ದೆ.

ಕಾಲೇಜಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್‌ನ ಆತ್ಮಕಥೆಯ ಒಂದು ಭಾಗವನ್ನು ಓದಿದ್ದೆ. ಅಮೆರಿಕದ ಈ ಮುದ್ರಕ, ವಿಜ್ಞಾನಿ, ರಾಜಕಾರಣಿ ತನ್ನ ನಡತೆಯನ್ನು ಪೂರ್ಣಗೊಳಿಸಬೇಕೆಂದು ಹಟತೊಟ್ಟು ಹದಿಮೂರು ಸದ್ಗುಣಗಳ ಪಟ್ಟಿ ಮಾಡಿದ. ಚಿಕ್ಕ ಪುಸ್ತಕವೊಂದರಲ್ಲಿ ಗೆರೆ ಎಳೆದು, ವಾರಕ್ಕೊಂದು ಗುಣವನ್ನು ಹಿಡಿದು, ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆ ಇಡುತ್ತಿದ್ದ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಲೆಕ್ಕದ ಈ ಸೊಗಸಿಗೆ ನಾನು ಮರುಳಾದೆ. ಬಿ.ಎ. ಮುಗಿಸಿ ಕೆಲಸವಿಲ್ಲದೆ ನಮ್ಮ ಕಡೆಯ ಒಂದು ಪೇಟೆಯ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿದಾಗ ನನ್ನ ಕಿಸೆಯಲ್ಲಿಯೂ ಅಂಥದೊಂದು ಪುಸ್ತಕವಿತ್ತು. ಸತ್ಯ, ಮಿತಾಹಾರ, ಅಕ್ರೋಧ, ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು, ಹೀಗೆ ಒಂಬತ್ತು ಕಾಲಂಗಳು. ರಾತ್ರಿ ಲಾಟೀನಿನ ಮುಂದೆ ಕುಳಿತು ಚುಕ್ಕೆ ಇಡುವಾಗ ನನ್ನ ಮೇಲೆ ನನಗೇ ಒಂದು ಗೌರವ ಹುಟ್ಟುತ್ತಿತ್ತು. ಅದನ್ನು ಈಗ ನೆನೆದರೆ ನಗು ಬರುತ್ತದೆ.

1974ರ ಜನವರಿಯಿರಬೇಕು. 1972ರ ಬರ ಕಳೆದ ಮೇಲಿನ ತೊಗರಿಯ ಸುಗ್ಗಿ. ಪೇಟೆಯ ರೂಢಿಯನ್ನು ಕೇಳುಗರಲ್ಲಿ ಕೆಲವರಾದರೂ ಬಲ್ಲರು. ರೈತ ಚೀಲ ತಂದು ಇಳಿಸುತ್ತಾನೆ. ನೋಡಲು ಬಂದ ವ್ಯಾಪಾರಿ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಹರಡಿ, ಒಂದೆರಡನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾನೆ. ಇದು ಸ್ಯಾಂಪಲ್. ಆ ಹಿಡಿ ಚೀಲಕ್ಕೆ ಮರಳುವುದಿಲ್ಲ. ಅಂಗಡಿಯ ಮೂಲೆಯ ಡಬ್ಬಿಗೆ ಹೋಗುತ್ತದೆ. ಮತ್ತೊಬ್ಬ ಬರುತ್ತಾನೆ, ಮತ್ತೊಂದು ಹಿಡಿ. ತೂಗುವಾಗ ಕೆಳಗೆ ಚೆಲ್ಲಿದ ಕಾಳು ಗುಡಿಸಿಕೊಂಡವರದು. ಸಂಜೆಗೆ ಡಬ್ಬಿಗಳು ತುಂಬುತ್ತಿದ್ದವು. ಇದನ್ನು ಕಳವೆಂದು ಯಾರೂ ಕರೆದಿರಲಿಲ್ಲ. ಸತ್ಯದ ಕಾಲಂನಲ್ಲಿ ಚುಕ್ಕೆ ಬೀಳದಂತೆ ದಿನವಿಡೀ ಎಚ್ಚರದಿಂದಿದ್ದ ನಾನೂ ಕರೆದಿರಲಿಲ್ಲ.

ಆ ದಿನ ನಡುವಯಸ್ಸಿನ ಒಬ್ಬ ಹೆಣ್ಣುಮಗಳು ಎರಡು ಚೀಲ ತೊಗರಿ ತಂದಿದ್ದಳು. ಗಂಡಸರು ಯಾರೂ ಜೊತೆಗಿರಲಿಲ್ಲ. ನಾನು ವಾಡಿಕೆಯಂತೆ ಹಿಡಿ ತೆಗೆದೆ, ನೋಡಿದೆ, ಡಬ್ಬಿಯ ಕಡೆ ತಿರುಗಿದೆ.

“ತಮ್ಮಾ, ಆ ಹಿಡಿ ನಂದದ. ಚೀಲದಾಗ ಹಾಕು” ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಬಿದ್ದ ರುಮಾಲನ್ನು ನಿಮ್ಮದೆಂದು ತೋರಿಸುವವರ ದನಿ. ಹಮಾಲರು ನಕ್ಕರು. ನಾನು ಕಾಳನ್ನು ಚೀಲಕ್ಕೆ ಸುರಿದೆ. ಅಂಗೈಗೆ ಅಂಟಿದ್ದ ನಾಲ್ಕು ಕಾಳನ್ನೂ ಕೊಡವಿದೆ. ಆ ರಾತ್ರಿ ಪುಸ್ತಕ ತೆರೆದಾಗ ಚುಕ್ಕೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಒಂಬತ್ತು ಕಾಲಂಗಳಲ್ಲಿ ಯಾವುದೂ ಆ ಹಿಡಿ ತೊಗರಿಗೆ ಹೊಂದಲಿಲ್ಲ.

ತಪ್ಪು ಪುಸ್ತಕದ್ದಲ್ಲ. ಕಾಲಂಗಳನ್ನು ಎಳೆದವನು ನಾನು. ನನಗೆ ಕಾಣುವ ದೋಷಗಳಿಗೆ ಮಾತ್ರ ಅಲ್ಲಿ ಸ್ಥಳವಿತ್ತು. ಪೇಟೆಯಲ್ಲಿ ತಕ್ಕಡಿಯ ಕೋಲು ಒಂದು ಬದಿಗೆ ತುಸು ಉದ್ದವಿದ್ದರೆ ಬರಿ ನೋಟಕ್ಕೆ ಗೊತ್ತಾಗದು. ಖಾಲಿ ಇದ್ದಾಗ ಅದು ಸಮವಾಗಿಯೇ ನಿಲ್ಲುವಂತೆ ತಟ್ಟೆಗಳ ಭಾರವನ್ನು ಹೊಂದಿಸಿರಬಹುದು. ಅದರ ಮೋಸ ತಿಳಿಯಬೇಕಾದರೆ ಸಾಮಾನನ್ನೂ ಕಲ್ಲನ್ನೂ ಅದಲುಬದಲು ಮಾಡಿ, ಈ ತಟ್ಟೆಯದನ್ನು ಆ ತಟ್ಟೆಯಲ್ಲಿಟ್ಟು ತೂಗಬೇಕು. ನಾನು ದಿನವೂ ತೂಗಿಕೊಳ್ಳುತ್ತಿದ್ದೆ, ಯಾವಾಗಲೂ ಅದೇ ತಟ್ಟೆಯಲ್ಲಿ. ಆಕೆ ಒಂದು ಮಾತಿನಿಂದ ನನ್ನನ್ನು ಎತ್ತಿ ತನ್ನ ಕಡೆಯ ತಟ್ಟೆಯಲ್ಲಿಟ್ಟಳು.

ಮುಂದೆ ಮೇಷ್ಟರಾದ ಮೇಲೆ ಫ್ರಾಂಕ್ಲಿನ್‌ನನ್ನು ಪೂರ್ತಿ ಓದಿದಾಗ, ಪಠ್ಯದಲ್ಲಿ ನಾನು ಗಮನಿಸದೆ ದಾಟಿಬಿಟ್ಟಿದ್ದ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವನ ಮೊದಲ ಪಟ್ಟಿಯಲ್ಲಿ ಇದ್ದುದು ಹನ್ನೆರಡೇ ಗುಣ. ಹದಿಮೂರನೆಯದಾದ ವಿನಯ ಸೇರಿದ್ದು, ನೀನು ಗರ್ವಿಷ್ಠನೆಂದು ಜನ ಆಡಿಕೊಳ್ಳುತ್ತಾರೆಂದು ಒಬ್ಬ ಕ್ವೇಕರ್ ಮಿತ್ರ ತಿಳಿಸಿದ ಮೇಲೆ. ತನ್ನನ್ನು ಅಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿಕೊಂಡವನಿಗೆ ತನ್ನ ಮುಖ್ಯ ದೋಷವೇ ಕಾಣಿಸಿರಲಿಲ್ಲ. ಅವನ ಪುಸ್ತಕದಲ್ಲಿ ನ್ಯಾಯಕ್ಕೂ ಒಂದು ಸಾಲಿತ್ತು. ಅವನ ಮನೆಯಲ್ಲಿ ಗುಲಾಮರೂ ಇದ್ದರು. ಹಲವು ದಶಕಗಳ ನಂತರ, 1787ರಲ್ಲಿ ಆತ ಗುಲಾಮಗಿರಿಯ ವಿರುದ್ಧ ದುಡಿಯುವ ಸಂಘವೊಂದರ ಅಧ್ಯಕ್ಷನಾದ. 1790ರಲ್ಲಿ, ಸಾಯುವ ಸ್ವಲ್ಪ ಮೊದಲು, ಆ ಪದ್ಧತಿಯನ್ನು ಕೊನೆಗಾಣಿಸಬೇಕೆಂಬ ಮನವಿಗೆ ಸಹಿ ಹಾಕಿದ. ಇದರ ಶ್ರೇಯಸ್ಸನ್ನು ಕಪ್ಪು ಚುಕ್ಕೆಗಳಿಗೆ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮಲ್ಲಿಯೇ ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನವಿದೆ. ಆಯ್ದಕ್ಕಿ ಮಾರಯ್ಯನ ಕಾಯಕ, ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಇದು ಅಗತ್ಯವಲ್ಲ, ಆಸೆ. ಹೋಗಿ ಅಲ್ಲಿಯೇ ಸುರಿದು ಬಾ ಎಂದಳು. ಮಾರಯ್ಯ ತಿರುಗಿ ಹೋದ. ಮತ್ತೊಮ್ಮೆ ಅವನು ತತ್ತ್ವದ ಮಾತುಕತೆಯಲ್ಲಿ ಮೈಮರೆತು ಕುಳಿತಿದ್ದಾಗ ಕಾಯಕದ ಹೊತ್ತು ಮೀರಿತೆಂದು ಎಬ್ಬಿಸಿ ಕಳಿಸಿದವಳೂ ಅವಳೇ. ಮಾರಯ್ಯ ಸಾಮಾನ್ಯನಲ್ಲ, ಶರಣ. ಆದರೂ ತನ್ನ ಜೋಳಿಗೆ ಭಾರವಾದದ್ದು ಅವನಿಗೆ ತಿಳಿಯಲಿಲ್ಲ, ಲಕ್ಕಮ್ಮನಿಗೆ ತಿಳಿಯಿತು. ಅವಳು ಅವನನ್ನು ತಿದ್ದುವ ಮುಂಚೆ ತಾನು ಪರಿಪೂರ್ಣಳಾಗುವವರೆಗೆ ಕಾಯಲಿಲ್ಲ.

ಇಲ್ಲಿ ಅರಿಸ್ಟಾಟಲನ ಒಂದು ಮಾತು ನೆರವಿಗೆ ಬರುತ್ತದೆ. ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂದು ಅವನ ಸಿದ್ಧಾಂತ. ಆಗ ಯಾರಾದರೂ ಕೇಳಬಹುದು: ಮೊದಲೇ ನ್ಯಾಯವಂತನಲ್ಲದವನು ನ್ಯಾಯದ ಕೆಲಸ ಮಾಡುವುದಾದರೂ ಹೇಗೆ? ಇದು ನಮ್ಮ ‘ಮೊದಲು’ ಎಂಬ ಗಂಟೇ. ಅವನ ಉತ್ತರ ಸರಳವಾಗಿದೆ: ವ್ಯಾಕರಣ ಬಾರದವನೂ ಆಕಸ್ಮಿಕವಾಗಿಯೋ ಇನ್ನೊಬ್ಬರು ಹೇಳಿಕೊಟ್ಟದ್ದರಿಂದಲೋ ಒಂದು ಶುದ್ಧ ವಾಕ್ಯವನ್ನು ಬರೆಯಬಲ್ಲ. ಮರಳಿನ ಮೇಲೆ ಅಕ್ಷರ ತಿದ್ದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ‘ಅ’ವನ್ನು ಬರೆದದ್ದು ನಮ್ಮ ಬೆರಳು, ಬರೆಸಿದ್ದು ಇನ್ನೊಬ್ಬರ ಕೈ. ನಮ್ಮ ಭಾಷೆಯಲ್ಲಿ ‘ತಿದ್ದುವುದು’ ಎಂಬ ಪದಕ್ಕೆ ಈ ಎರಡು ಅರ್ಥಗಳೂ ಇರುವುದು ನನಗೆ ಯಾವಾಗಲೂ ಸಂತೋಷ ಕೊಡುತ್ತದೆ.

ಹಾಗಾದರೆ ಲೋಕದವರೆಲ್ಲ ಒಬ್ಬರನ್ನೊಬ್ಬರು ತಿದ್ದುತ್ತ ಕೂಡಲಿ ಎಂದು ನಾನು ಹೇಳುತ್ತಿದ್ದೇನೆಯೆ? ಈ ಆಕ್ಷೇಪಣೆ ಹಗುರವಾದುದಲ್ಲ. ಆ ಪೇಟೆಯಲ್ಲಿ ನನ್ನ ಸುತ್ತ ನೂರು ಕಣ್ಣುಗಳಿದ್ದವು, ಎಲ್ಲಕ್ಕೂ ನನ್ನ ಕೈಚಳಕ ಸರಿಯಾಗಿಯೇ ಕಂಡಿತ್ತು. ಹಿಡಿಯನ್ನು ಮರಳಿಸಿದಾಗ ಅವರೇ ನಕ್ಕದ್ದು. ಆದ್ದರಿಂದ ನೆರೆಹೊರೆಯವರ ಅಭಿಪ್ರಾಯ ನಮ್ಮ ಶೀಲಕ್ಕೆ ಒರೆಗಲ್ಲಾಗಲಾರದು. ಊರು ಓರೆಯಾದಾಗ ಅದು ನಮ್ಮ ಓರೆಯನ್ನೇ ಹೊಗಳುತ್ತದೆ. ನಮ್ಮ ತಪ್ಪಿನ ಭಾರ ಯಾರ ಹೆಗಲ ಮೇಲೆ ಬೀಳುತ್ತದೆಯೋ ಅವರ ಕಣ್ಣಿಗೆ ಮಾತ್ರ ಅದು ತನ್ನ ನಿಜವಾದ ಅಳತೆಯಲ್ಲಿ ಕಾಣುತ್ತದೆ. ಆ ವಿದ್ಯಾರ್ಥಿಯ ತಂದೆ ಮಗನ ಸೋಮಾರಿತನವನ್ನು ಸರಿಯಾಗಿಯೇ ಕಂಡರು. ತಮ್ಮನ್ನು ತಿದ್ದಿಕೊಳ್ಳಲು ಅವರು ಕೇಳಬೇಕಾಗಿದ್ದುದು ಮಗನನ್ನೂ ಅಲ್ಲ, ಬಸವಣ್ಣನನ್ನೂ ಅಲ್ಲ. ಕಳೆ ತೆಗೆಯುವ ಹೆಂಗಸರನ್ನು.

ಒಂದು ಮಾತನ್ನು ಮಾತ್ರ ಆ ಹಳೆಯ ವಾದಕ್ಕೆ ನಾನು ಬಿಟ್ಟುಕೊಡಬೇಕು. ಆಕೆ ನನಗೊಬ್ಬನಿಗೇ ಹಾಗೆ ಹೇಳಿದ್ದಿರಲಾರದು. ಬೇರೆ ಅಂಗಡಿಗಳಲ್ಲಿಯೂ ಹೇಳಿರಬೇಕು. ಅಲ್ಲಿಯವರು ನಕ್ಕು ಡಬ್ಬಿಗೆ ಸುರಿದಿರಬೇಕು. ನನ್ನ ಕೈ ತಿರುಗಿತು. ನನ್ನ ತಪ್ಪು ನನಗೆ ಕಾಣಬೇಕೆಂಬ ಹಂಬಲವನ್ನು ಆ ಪೆದ್ದು ಪುಸ್ತಕವೇ ನನ್ನಲ್ಲಿ ಉಳಿಸಿತ್ತೋ ಏನೋ. ಒಳಗಿನ ಹದ ಇಲ್ಲದಿದ್ದರೆ ಹೊರಗಿನ ಮಾತು ಬಂಡೆಯ ಮೇಲೆ ಬಿದ್ದ ಬೀಜ. ಇಷ್ಟನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ.

ಆದರೆ ಚಹಾ ಅಂಗಡಿಯ ಬೆಂಚಿನ ಮೇಲೆ ಆ ಹುಡುಗನಿಗೆ ನಾನು ಅರಿಸ್ಟಾಟಲನನ್ನಾಗಲಿ ಲಕ್ಕಮ್ಮನನ್ನಾಗಲಿ ಹೇಳಲಿಲ್ಲ. ಮರುವರ್ಷದ ಸುಗ್ಗಿಯ ಸಂಗತಿಯನ್ನು ಹೇಳಿದೆ. ಆ ದಿನದಿಂದ ನಾನು ತೆಗೆದ ಹಿಡಿಯನ್ನೆಲ್ಲ ಚೀಲಕ್ಕೇ ಹಾಕುತ್ತಿದ್ದೆ. ಪುಸ್ತಕದಲ್ಲಿ ಹತ್ತನೆಯ ಕಾಲಂ ಎಳೆದೆ. ಅದರಲ್ಲಿ ಚುಕ್ಕೆ ಬೀಳಲೇ ಇಲ್ಲ. ಉಳಿದ ಗುಮಾಸ್ತರ ಡಬ್ಬಿಗಳು ಎಂದಿನಂತೆ ತುಂಬುತ್ತಿದ್ದವು. ಮಾಲೀಕರಿಗೆ ಹೇಳಬೇಕೆಂದು ಎಷ್ಟೋ ಸಲ ನಾಲಗೆಯ ತುದಿಗೆ ಬಂದದ್ದುಂಟು. ಪ್ರತಿ ಸಲವೂ, ಲೋಕವನ್ನು ತಿದ್ದಲು ನಾನ್ಯಾರು, ನನ್ನ ಕೈ ನೆಟ್ಟಗಿದ್ದರೆ ಸಾಕು ಎಂದುಕೊಂಡೆ. ಅದಕ್ಕೆ ವಚನದ ಆಧಾರವೂ ಇತ್ತು, ತಿಂಗಳ ಸಂಬಳವೂ ಇತ್ತು.

ಆಕೆ ಮತ್ತೆ ಬಂದಳು, ಈ ಸಲ ಮೂರು ಚೀಲ. ನಾನು ಪಟ್ಟಿ ಬರೆಯುತ್ತ ಕುಳಿತಿದ್ದೆ. ಬೇರೆಯವನೊಬ್ಬ ಅವಳ ಚೀಲಕ್ಕೆ ಕೈ ಹಾಕಿ ಹಿಡಿ ತೆಗೆದು ಡಬ್ಬಿಗೆ ಸುರಿದ. ಆಕೆ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಲೆಕ್ಕದ ಮೇಲೆ ತಲೆ ಬಗ್ಗಿಸಿದೆ. ಅವಳು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಚೀಲದ ಬಾಯಿ ಹೊಲಿಯಲು ದಬ್ಬಣ ಕೊಡೆಂದಳು. ಎತ್ತಿ ಕೊಟ್ಟೆ.