ಪಾರ್ಕಿನಲ್ಲಿ ನಮ್ಮ ದಾರಿ ಎಷ್ಟು?

(ಮಹಿಳಾ ವೇದಿಕೆಯ ಪರಿಸರ ದಿನದ ಕಾರ್ಯಕ್ರಮದಲ್ಲಿ ಆಡಿದ ಮಾತುಗಳು)



ಪರಿಸರದ ಬಗ್ಗೆ ಮಾತಾಡು ಎಂದು ಕಾರ್ಯದರ್ಶಿ ಅಕ್ಕ ಹೇಳಿದಾಗ ನನಗೆ ಸ್ವಲ್ಪ ಸಂಕೋಚವೇ ಆಯಿತು. ಕೆಬಿಆರ್ ಪಾರ್ಕಿನೊಳಗೆ ದೀಪ ಹಾಕಿ, ರಾತ್ರಿ ಒಂಬತ್ತರವರೆಗೆ ಗೇಟು ತೆರೆದಿಡಿ ಎಂದು ಮೂರು ವರ್ಷದ ಹಿಂದೆ ಅರ್ಜಿ ಬರೆದವಳು ನಾನೇ!

ಕಾರಣ ನಿಮಗೂ ಗೊತ್ತಿರುವುದೇ. ಮಾದಾಪುರದಲ್ಲಿ ಆಫೀಸು ಬಿಡುವಾಗ ಏಳು ಗಂಟೆ. ಟ್ರಾಫಿಕ್ ದಾಟಿ ಜುಬಿಲಿ ಹಿಲ್ಸ್ ಸೇರುವಷ್ಟರಲ್ಲಿ ಪಾರ್ಕು ಮುಚ್ಚಿರುತ್ತದೆ. ಬೆಳಿಗ್ಗೆ ಹೋಗೋಣವೆಂದರೆ ತಿಂಡಿ, ಡಬ್ಬಿ, ಮಗಳ ಸ್ಕೂಲ್ ಬಸ್ಸು. ಕತ್ತಲಾದ ಮೇಲೆ ಹೆಂಗಸರು ಹೆದರಿಕೆಯಿಲ್ಲದೆ ನಡೆಯುವ ಜಾಗ ನಮಗೆಷ್ಟಿದೆ? ದುರ್ಗಂ ಚೆರುವಿನ ಮೇಲೆ 2020ರಲ್ಲಿ ಕೇಬಲ್ ಸೇತುವೆಯಾದ ಮೇಲೆ ಅಲ್ಲಿ ದೀಪಗಳಿಗೇನೂ ಕೊರತೆಯಿಲ್ಲ. ಆದರೆ ಸೆಲ್ಫಿ ತೆಗೆಯುವವರ ನಡುವೆ ನಡೆಯಲು ಜಾಗ ಸಿಗಬೇಕಲ್ಲ.

ಅರ್ಜಿಗೆ ನಲವತ್ತು ಸಹಿ ಸುಲಭವಾಗಿ ಬಂತು. ನಮ್ಮ ಅಪಾರ್ಟ್‌ಮೆಂಟಿನ ಕಲಬುರಗಿ ಕಡೆಯ ಟೀಚರಮ್ಮ ಮಾತ್ರ ಪೆನ್ನು ಮುಟ್ಟಲಿಲ್ಲ. "ಐತವಾರ ಸಂಜಿಗಿ ಬಾ. ಗೇಟ್ ಮುಚ್ಚೋತನಕ ನನ್ನ ಜೋಡಿ ಅಡ್ಡಾಡು. ಆಮ್ಯಾಲ ಸಹಿ ಕೇಳ್ವಾ" ಅಂದರು.

ಹೋದೆ. ಹೊತ್ತು ಇಳಿಯುತ್ತಿದ್ದಂತೆ ನವಿಲುಗಳು ಒಂದೊಂದಾಗಿ ಮರ ಹತ್ತತೊಡಗಿದವು. ಅಷ್ಟು ದೊಡ್ಡ ಬಾಲ ಹೊತ್ತುಕೊಂಡು ಕೊಂಬೆಯಿಂದ ಕೊಂಬೆಗೆ! ರಾತ್ರಿ ಅವು ಮಲಗುವುದು ಎತ್ತರದ ಮರದಲ್ಲಿ. ಮೊಟ್ಟೆ ಇಡುವುದು ಮಾತ್ರ ನೆಲದ ಮೇಲೆ, ಪೊದೆಯ ಮರೆಯಲ್ಲಿ, ಅದೂ ಹೆಚ್ಚಾಗಿ ಮಳೆಗಾಲದಲ್ಲಿ. ನಾನು ದೀಪದ ಕಂಬ ನೆಡಬೇಕೆಂದು ನಕ್ಷೆಯಲ್ಲಿ ಗುರುತು ಹಾಕಿದ್ದು ಅವು ಹತ್ತುತ್ತಿದ್ದ ಮರಗಳ ಕೆಳಗೇ. ಟೀಚರಮ್ಮ ಏನೂ ಹೇಳಲಿಲ್ಲ, ನನ್ನ ಮುಖ ನೋಡಿದರು ಅಷ್ಟೆ.

ನಾವು ಅದನ್ನು ಪಾರ್ಕು ಅನ್ನುತ್ತೇವೆ. ನಿಜವಾಗಿ ಅದು 1998ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ, ಸುಮಾರು 350 ಎಕರೆ ಕುರುಚಲು ಕಾಡು, ಬಂಡೆ. ಬನ್ನೇರುಘಟ್ಟ, ಬಂಡೀಪುರಕ್ಕೆ ಯಾವ ಕಾನೂನೋ ಇದಕ್ಕೂ ಅದೇ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅಲ್ಲಿ ನಡೆಯಲು ಸಿಗುವುದು ಅನುಮತಿ, ಹಕ್ಕಲ್ಲ. ಆಫೀಸಿನ ಸರ್ವರ್‌ನಲ್ಲಿ ಎಲ್ಲರಿಗೂ ಎಲ್ಲ ಫೋಲ್ಡರ್ ತೆರೆದಿಡುತ್ತೇವೆಯೇ? ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಹಾಗಂತ ನಡೆಯುವವರೇ ದೊಡ್ಡ ಶತ್ರುಗಳು ಎಂದು ನಾನು ಒಪ್ಪುವುದಿಲ್ಲ. 2016ರಲ್ಲಿ ಈ ಪಾರ್ಕಿನ ಸುತ್ತ ಫ್ಲೈಓವರ್‌ಗಾಗಿ ಮರ ಕಡಿಯುವ ಯೋಜನೆ ಬಂದಾಗ ಬೀದಿಗಿಳಿದವರಲ್ಲಿ ದಿನಾ ವಾಕಿಂಗ್ ಬರುವವರೂ ಇದ್ದರು. ಬೆಂಗಳೂರಿನ ತುರಹಳ್ಳಿ ಕಾಡಿನಲ್ಲೂ ಹಾಗೆಯೇ. 2021ರಲ್ಲಿ ಅದನ್ನು ಟ್ರೀ ಪಾರ್ಕ್ ಮಾಡುತ್ತೇವೆಂದಾಗ, ಬೇಡ, ಕಾಡು ಕಾಡಾಗಿಯೇ ಇರಲಿ ಎಂದವರು ಅಲ್ಲಿ ನಡೆಯುತ್ತಿದ್ದವರು, ಸೈಕಲ್ ತುಳಿಯುತ್ತಿದ್ದವರು. ಒಳಗೆ ಕಾಲಿಟ್ಟೇ ಇಲ್ಲದವರಿಗೆ ಕಾಡಿನ ನೆನಪು ಯಾಕೆ ಬಂದೀತು?

ಆದರೆ ನಮ್ಮ ಕಾಲೂ ಸಣ್ಣದಲ್ಲ. ಒಬ್ಬರು ಅಡ್ಡದಾರಿ ಹಿಡಿದರೆ ನಾಳೆ ಹತ್ತು ಜನ. ತುಳಿದ ಮಣ್ಣು ಗಟ್ಟಿಯಾಗಿ ಮಳೆನೀರು ಇಂಗುವುದಿಲ್ಲ, ಹುಲ್ಲು ಚಿಗುರುವುದಿಲ್ಲ. ಪುಣ್ಯಕ್ಕೆಂದು ಕಾಳು, ಸಕ್ಕರೆ ಚೆಲ್ಲುವವರು ಬೇರೆ. (ನಮ್ಮ ಅತ್ತೆಯೂ ಅವರಲ್ಲೊಬ್ಬರು, ಈಗ ಬಿಟ್ಟಿದ್ದಾರೆ.)

ಆ ಅರ್ಜಿಯನ್ನು ನಾನು ಕೊಡಲಿಲ್ಲ. ಸಹಿ ಹಾಕಿದವರ ಮನೆಮನೆಗೆ ಹೋಗಿ ಕಾರಣ ಹೇಳಿದೆ. ಒಬ್ಬಳು ಗೆಳತಿ ಕೇಳಿದಳು: "ಹಾಗಾದರೆ ನವಿಲಿಗೆ ರಾತ್ರಿ ಇದೆ, ನಮಗೆ?" ಅವಳಿಗೆ ಕೊಡಲು ಆಗ ಉತ್ತರವಿರಲಿಲ್ಲ. ಇವತ್ತಿಗೂ ನನಗೆ ಕೆಬಿಆರ್ ಭಾನುವಾರಕ್ಕಷ್ಟೇ.

ಈಗ ಬರೆದಿರುವುದು ಬೇರೆ ಅರ್ಜಿ. ನಮ್ಮ ಕಾಲೊನಿಯ ಪುಟ್ಟ ಪಾರ್ಕು ಸಂಜೆಯಾದೊಡನೆ ಮುಚ್ಚುತ್ತದೆ, ಅದನ್ನು ಹತ್ತರವರೆಗೆ ತೆರೆಯಲಿ. ಅದರ ಸುತ್ತಲಿನ ಫುಟ್‌ಪಾತಿಗೆ ದೀಪ ಬರಲಿ, ಮೇಲೆ ಮರಕ್ಕೆ ಬೆಳಕು ಚೆಲ್ಲದ, ನೆಲಕ್ಕೆ ಬಾಗಿದ ದೀಪ. ಬಾಗಿಲ ಹತ್ತಿರದ ಮೇಜಿನ ಮೇಲೆ ಪ್ರತಿ ಇಟ್ಟಿದ್ದೇನೆ. ಮೊದಲ ಸಹಿ ಟೀಚರಮ್ಮನವರದು. ಊಟಕ್ಕೆ ಹೋಗುವ ಮೊದಲು ಒಮ್ಮೆ ನೋಡಿ.