ಆರ್.ಕೆ.ಪುರಂಗೆ ಬಂದ ಒಂದೆಲಗ



ದೆಹಲಿಯ ಆರ್.ಕೆ.ಪುರಂನ ಇವತ್ತಿನ ಸಸ್ಯ ಪ್ರದರ್ಶನದಲ್ಲಿ ಉದ್ಘಾಟನೆಯ ದೀಪದ ಪಕ್ಕಕ್ಕೆ ಅಗಲ ಬಾಯಿಯ ಟಬ್ಬೊಂದನ್ನು ಇಟ್ಟಿದ್ದಾರೆ. ಅದರಲ್ಲಿರುವುದು ಗುಲಾಬಿಯಲ್ಲ, ಸೇವಂತಿಗೆಯೂ ಅಲ್ಲ, ಒಂದೆಲಗ. ತುಳುನಾಡಿನವರಿಗೆ ತಿಮರೆ. ಊರಲ್ಲಿ ಗದ್ದೆಯ ಬದುವಿನಲ್ಲಿ, ತೋಟದ ಕಾಲುವೆಯ ಅಂಚಿನಲ್ಲಿ ಯಾರೂ ನೆಡದೆ ಹಬ್ಬುವ ಬಳ್ಳಿ ಇಲ್ಲಿ ಅತಿಥಿಯ ಉಪಚಾರ ಕೇಳುತ್ತದೆ.

ಮೊದಲು ಹೆಸರಿನ ತಕರಾರು. ನರ್ಸರಿಗಳಲ್ಲಿ ‘ಬ್ರಾಹ್ಮಿ’ ಕೇಳಿದವರ ಕೈಗೆ ಕೆಲವೊಮ್ಮೆ ಬರುವುದು ಚಿಕ್ಕ, ದಪ್ಪ ಎಲೆಯ ನೀರುಬ್ರಾಹ್ಮಿ, ಅಂದರೆ ಬಕೋಪಾ. ಅದೂ ನಮ್ಮ ನೆಲದ್ದೇ, ಅದಕ್ಕೂ ತೇವ ಬೇಕು. ಆದರೆ ಜಾತಿ ಬೇರೆ. ಒಂದೆಲಗದ ಶಾಸ್ತ್ರೀಯ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ಕೊತ್ತಂಬರಿ, ಜೀರಿಗೆಯ ಕುಟುಂಬದ್ದು. ಸಂಸ್ಕೃತದಲ್ಲಿ ಮಂಡೂಕಪರ್ಣಿ. ಟಬ್ಬಿನ ಹತ್ತಿರ ಬಗ್ಗಿ ನೋಡಿದರೆ ಗುರುತು ಸಿಗುತ್ತದೆ: ತೊಟ್ಟಿಗೆ ಒಂದೇ ಎಲೆ, ದುಂಡಗೆ, ಅಂಚಿಗೆಲ್ಲ ಸಣ್ಣ ಕಚ್ಚು. ನೆಲಕ್ಕೆ ತಾಗಿದ ಪ್ರತಿ ಗೆಣ್ಣಿನಲ್ಲೂ ಬಿಳಿ ಬೇರು.

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಊರಿನಿಂದ ಬರುತ್ತ ಎರಡು ರಾತ್ರಿ ಕಳೆದರೂ, ಒದ್ದೆ ಬಟ್ಟೆ ಸುತ್ತಿದ್ದರೆ ಈ ಗೆಣ್ಣು ಸಾಯುವುದಿಲ್ಲ. ಸಾಯುವುದು ಬಾಲ್ಕನಿಗೆ ಬಂದ ಮೇಲೆ! ದಿನಾ ನೀರು ಹಾಕಿದರೂ ಒಣಗಿತು ಎಂಬ ದೂರು ದೆಹಲಿಯಲ್ಲಿ ಹಳೆಯದು. ತಪ್ಪು ಹೆಚ್ಚಾಗಿ ಕುಂಡದ್ದು. ಎತ್ತರದ ಕುಂಡದಲ್ಲಿ ನೀರು ತಳಕ್ಕಿಳಿಯುತ್ತದೆ, ಬಳ್ಳಿ ಬೇರೂರಬೇಕಾದ ಮೇಲ್ಮಣ್ಣನ್ನು ಜೂನ್ ತಿಂಗಳ ‘ಲೂ’ ಎಂಬ ಬಿಸಿಗಾಳಿ ಬಹುಬೇಗ ಒಣಗಿಸಿಬಿಡುತ್ತದೆ. ಪಾದರಸ 45 ಡಿಗ್ರಿ ಮುಟ್ಟುವ ಊರಿಗೆ ಆರಿಂಚು ಆಳದ ಅಗಲವಾದ ಟಬ್ಬೇ ಸರಿ. ಗೊಬ್ಬರ ಬೆರೆಸಿದ ಮಣ್ಣು, ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು ಸಿಕ್ಕರೆ ಸಾಕು. ಕೂಲರಿನ ತಳದಲ್ಲಿ ಉಳಿದ ನೀರು ಮಾತ್ರ ಬೇಡ. ಆವಿಯಾಗಿ ಆವಿಯಾಗಿ ಅದರಲ್ಲಿ ಉಪ್ಪಿನಂಶ ಗಟ್ಟಿಯಾಗಿರುತ್ತದೆ.

ಜನವರಿಯ ಚಳಿಗೆ ಬಳ್ಳಿ ಮುದುಡುತ್ತದೆ. ಕಿತ್ತೆಸೆಯಬಾರದು, ನೀರು ಕಡಿಮೆ ಮಾಡಬೇಕು. ಹೋಳಿ ಕಳೆದು ಮತ್ತೆ ಚಿಗುರುತ್ತದೆ. ಜುಲೈ ಮಳೆಗೆ ಟಬ್ಬು ತುಂಬುತ್ತದೆ.

ಚರಂಡಿಯ ಬದಿಯಲ್ಲಿ ಸೊಂಪಾಗಿ ಬೆಳೆದದ್ದನ್ನು ಅಡುಗೆಗೆ ತರುವುದು ಬೇಡವೇ ಬೇಡ. ಈ ಗಿಡ ಮಣ್ಣಿನ ಭಾರಲೋಹಗಳನ್ನೂ ಎಲೆಗೆ ಎಳೆದುಕೊಳ್ಳುತ್ತದೆ. ಮನೆಯ ಟಬ್ಬಿನದಾದರೆ ಒಂದು ಹಿಡಿ ಎಲೆ, ತುಪ್ಪದಲ್ಲಿ ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು, ಕಾಯಿತುರಿ. ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಕುದಿಸುವ ಗೋಜಿಲ್ಲ, ಅದರಲ್ಲೂ ದೆಹಲಿಯ ಬೇಸಿಗೆಯಲ್ಲಿ!

ಪ್ರದರ್ಶನ ಈಗ ತೆರೆದಿದೆ. ಬಾಗಿಲ ಬಳಿಯ ಮೇಜಿನ ಮೇಲೆ ಒದ್ದೆ ಬಟ್ಟೆಯಲ್ಲಿ ಗೆಣ್ಣಿನ ತುಂಡುಗಳಿವೆ, ಮನೆಗೊಂದರಂತೆ ಒಯ್ಯಬಹುದು.