ಮದ್ದು ಇದೆ, ಹೊತ್ತು ಯಾವುದು?



ಎಚ್‌ಐವಿಯ ಮಾತು ಬಂದರೆ ಜನ ಮೊದಲು ಕೇಳುವುದು ‘ಅದಕ್ಕೆ ಮದ್ದಿದೆಯೇ?’ ಎಂದು. ಬೇರುಸಹಿತ ಕೀಳುವ ಮದ್ದು ಇನ್ನೂ ಕೈಗೆಟುಕಿಲ್ಲ. ಆದರೆ ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ವೈರಸ್ಸನ್ನು ಹದ್ದುಬಸ್ತಿನಲ್ಲಿಡಬಹುದು ಎಂಬುದು 1996ರ ಹೊತ್ತಿಗೇ ಗೊತ್ತಾಗಿತ್ತು. 2001ರಲ್ಲಿ ನಮ್ಮ ಸಿಪ್ಲಾ ಕಂಪನಿ ಬಡ ದೇಶಗಳ ರೋಗಿಗಳಿಗಾಗಿ ಈ ಔಷಧವನ್ನು ವರ್ಷಕ್ಕೆ 350 ಡಾಲರಿಗೆ ಕೊಡಲು ಮುಂದೆ ಬಂತು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಅದನ್ನು ಉಚಿತವಾಗಿ ಕೊಡತೊಡಗಿತು. ಆದ್ದರಿಂದ ಇಂದು ನಾನು ಎತ್ತಿಕೊಂಡಿರುವ ಪ್ರಶ್ನೆ ಬೇರೆ: ಆ ಮದ್ದನ್ನು ಶುರು ಮಾಡುವುದು ಯಾವಾಗ?

ಎಚ್‌ಐವಿ ನಮ್ಮ ರಕ್ತದ ಸಿಡಿ4 ಕಣಗಳನ್ನು ನಾಶಮಾಡುತ್ತದೆ. ಇವು ದೇಹದ ಕಾವಲಿನವರು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವುಗಳ ಸಂಖ್ಯೆ 200ಕ್ಕಿಂತ ಕೆಳಗಿಳಿದರೆ, ಹೊರಗೆ ಹೊಂಚಿ ಕೂತ ಸೋಂಕುಗಳೆಲ್ಲ ಒಳನುಗ್ಗುತ್ತವೆ. ಅವುಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವುದು ಕ್ಷಯ.

ಎರಡೂ ರೋಗ ಹೊತ್ತು ಬಂದವರ ಮುಂದೆ ವೈದ್ಯರು ಬಹುಕಾಲ ತಡವರಿಸಿದರು. ಕ್ಷಯದ ಚಿಕಿತ್ಸೆ ಮೊದಲು ಎನ್ನುವುದು ಸರಿ. ಆದರೆ ಎಚ್‌ಐವಿ ಔಷಧವನ್ನೂ ಬೇಗನೆ ಕೊಟ್ಟರೆ ಚೇತರಿಸಿಕೊಂಡ ನಿರೋಧಕ ಶಕ್ತಿ ಒಮ್ಮೆಲೇ ಎಚ್ಚೆತ್ತು, ಒಳಗಿರುವ ಕ್ಷಯದ ಮೇಲೆ ಮುಗಿಬೀಳಬಹುದು. ಆ ಕಾದಾಟದಲ್ಲಿ ಜ್ವರ ಏರುತ್ತದೆ, ಗಡ್ಡೆ ಊದುತ್ತದೆ, ರೋಗಿ ಇನ್ನಷ್ಟು ಕುಸಿಯಬಹುದು. ಹಾಗೆಂದು ಕಾದರೆ, ಕಾಯುವಷ್ಟರಲ್ಲೇ ಜೀವ ಹೋಗಬಹುದು.

ಉತ್ತರ ಸಿಕ್ಕಿದ್ದು ಕಾಂಬೋಡಿಯಾದಲ್ಲಿ. ಅಲ್ಲಿಯ ಕಮೀಲಿಯಾ ಅಧ್ಯಯನಕ್ಕೆ ಸೇರಿದವರು 661 ಜನ. ಅರ್ಧದಷ್ಟು ಜನರ ಸಿಡಿ4 ಎಣಿಕೆ 25ನ್ನೂ ದಾಟಿರಲಿಲ್ಲ. ಕ್ಷಯದ ಚಿಕಿತ್ಸೆ ಶುರುವಾದ ಎರಡು ವಾರಕ್ಕೆ ಎಚ್‌ಐವಿ ಔಷಧ ಪಡೆದವರಲ್ಲಿ 59 ಮಂದಿ ತೀರಿಕೊಂಡರೆ, ಎಂಟು ವಾರ ಕಾದವರಲ್ಲಿ 90 ಮಂದಿ ತೀರಿಕೊಂಡರು. ಬೇಗ ಪಡೆದವರಲ್ಲಿ ಆ ಒಳಕಾದಾಟ ಹೆಚ್ಚಾಗಿಯೇ ಕಂಡಿತ್ತು. ಆದರೂ ಉಳಿದುಕೊಂಡವರು ಅವರಲ್ಲೇ ಹೆಚ್ಚು. 2011ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಹಾಗಾದರೆ ಎಲ್ಲ ಸೋಂಕಿಗೂ ‘ಬೇಗ’ ಎಂಬುದೇ ಸೂತ್ರವೇ? ಅಲ್ಲ. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಮಿದುಳಿನ ಪೊರೆಗೆ ತಗುಲಿದವರ ಬಗ್ಗೆ ಉಗಾಂಡಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಕೋಟ್ ಎಂಬ ಅಧ್ಯಯನ ನಡೆಯಿತು. ಒಂದೆರಡು ವಾರದೊಳಗೆ ಎಚ್‌ಐವಿ ಔಷಧ ಶುರು ಮಾಡಿದವರಲ್ಲಿ ಆರು ತಿಂಗಳಲ್ಲಿ ಶೇಕಡಾ 45 ಮಂದಿ, ಐದು ವಾರ ತಡೆದವರಲ್ಲಿ ಶೇಕಡಾ 30 ಮಂದಿ ಸತ್ತರು. ಮಿದುಳು ಗಟ್ಟಿ ತಲೆಬುರುಡೆಯೊಳಗಿದೆ. ಅಲ್ಲಿ ಊತಕ್ಕೆ ಜಾಗವಿಲ್ಲ. ಬೇಗ ಕೊಡುವುದರಲ್ಲಿ ಅಪಾಯ ಕಂಡದ್ದೇ ತಡ, ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಲಾಯಿತು. ಅದೇ ಔಷಧ, ಅದೇ ವೈರಸ್ಸು. ಜೊತೆಗೆ ಬಂದ ಸೋಂಕು ಬೇರೆಯಾದ್ದರಿಂದ ಹೊತ್ತೂ ಬೇರೆಯಾಯಿತು. ವೈದ್ಯರ ಊಹೆ, ಅನುಭವ ಎರಡೂ ಹೇಳಲಾರದ್ದನ್ನು ಈ ಎಣಿಕೆ ಹೇಳಿತು. ಅದನ್ನು ನಮಗೆ ಕಲಿಸಿಕೊಟ್ಟವರು ಚಿಕಿತ್ಸೆಯ ನಡುವೆಯೇ ಅಧ್ಯಯನಕ್ಕೆ ಒಪ್ಪಿಕೊಂಡ ರೋಗಿಗಳು. ಅವರಿಗೆ ನಾವು ಋಣಿಗಳು.

ಇನ್ನು, ಯಾವ ಸೋಂಕೂ ಹತ್ತದೆ ಗಟ್ಟಿಮುಟ್ಟಾಗಿರುವವರ ವಿಷಯ. 35 ದೇಶಗಳ 4,685 ಜನರ ಮೇಲೆ ನಡೆದ ಸ್ಟಾರ್ಟ್ ಅಧ್ಯಯನ 2015ರಲ್ಲಿ ಇದನ್ನೂ ಇತ್ಯರ್ಥ ಮಾಡಿತು. ಸಿಡಿ4 ಎಣಿಕೆ 500ರ ಮೇಲಿರುವಾಗಲೇ ಔಷಧ ಪಡೆದವರಲ್ಲಿ ಸಾವು, ಗಂಭೀರ ಕಾಯಿಲೆ ಸೇರಿ 42 ಪ್ರಕರಣ. ಎಣಿಕೆ ಇಳಿಯಲೆಂದು ಕಾದವರಲ್ಲಿ 96. 2017ರಿಂದ ಭಾರತದಲ್ಲೂ ಸೋಂಕು ಖಚಿತವಾದವರಿಗೆಲ್ಲ ಸಿಡಿ4 ಎಷ್ಟಿದ್ದರೂ ಚಿಕಿತ್ಸೆ ಎಂಬ ನೀತಿ ಇದೆ.

ವಿಜ್ಞಾನ ತನ್ನ ಪಾಲಿನ ಉತ್ತರ ಕೊಟ್ಟಿದೆ. ಆದರೆ ಸಿಡಿ4 ಎಣಿಕೆ 25ಕ್ಕೆ ಇಳಿಯುವವರೆಗೂ ಒಬ್ಬ ಮನುಷ್ಯ ಆಸ್ಪತ್ರೆಗೆ ಬಾರದೆ ಇರುವುದೇಕೆ? ಕಾಯಿಲೆಗಿಂತ ಹೆಚ್ಚಾಗಿ ಅವನು ಹೆದರಿದ್ದು ನಮ್ಮ ನಾಲಗೆಗೆ. ಆ ಹೆದರಿಕೆಗೆ ಮಾತ್ರೆಯಿಲ್ಲ. ಅದನ್ನು ಕಳೆಯಬೇಕಾದವರು ಈ ಸಭೆಯಲ್ಲಿ ಕುಳಿತಿರುವ ನಾವು. ಪರೀಕ್ಷೆಗೆ ಹೊರಟವರ ಜೊತೆಗೆ ಹೋಗಿ. ಕೇಳಲು ಸಂಕೋಚಪಡುವವರಿಗೆ 1097 ಎಂಬ ಉಚಿತ ಸಹಾಯವಾಣಿಯ ಸಂಖ್ಯೆ ಬರೆದುಕೊಡಿ. ಸರಿಯಾದ ಹೊತ್ತಿಗೆ ಬಂದವರನ್ನು ಉಳಿಸುವ ದಾರಿ ಇಂದು ನಮ್ಮ ಕೈಯಲ್ಲಿದೆ.